ಸಾಹೇಬರ ಹಲ್ಲೂ ನನ್ನ ಚಂದ್ರಕಾಂತ ಶಿಲೆಯೂ

ಐವತ್ತು ತುಂಬಿದ ಮರುದಿನ ಬೆಳಿಗ್ಗೆ, ಬಾಯಿ ತುಂಬ ನೊರೆ ತುಂಬಿಕೊಂಡು ಕನ್ನಡಿಯ ಮುಂದೆ ನಿಂತು, ನಾನೊಂದು ಭೀಷ್ಮ ಪ್ರತಿಜ್ಞೆ ಮಾಡಿದೆ. ಇನ್ನು ಮೇಲೆ ನಾನು ನೀರಿನ ಮೀಟರ್ ಕಚೇರಿಯ ರೆಕಾರ್ಡ್ ರೂಮಿನ ಬರೀ ಗುಮಾಸ್ತನಲ್ಲ, ನಾನೊಬ್ಬ ರತ್ನಶಿಲ್ಪಿ! ಭೂಮಿತಾಯಿ ಕೋಟ್ಯಂತರ ವರ್ಷ ಹೊಟ್ಟೆಯಲ್ಲಿಟ್ಟು ಸಾಕಿದ ಕಲ್ಲುಗಳಿಗೆ ಹೊಳಪು ಕೊಡುವ ಭಾಗ್ಯ ನನ್ನ ಈ ಎರಡು ಕೈಗಳಿಗೆ ಬರೆದಿದೆ! ಇಷ್ಟು ಘೋಷಿಸಿ ಬಾಯಿ ಮುಕ್ಕಳಿಸಿದೆ.

ಈ ಜ್ಞಾನೋದಯ ಆದದ್ದು ಒಂದು ವಾರಪತ್ರಿಕೆಯಿಂದ. ಐವತ್ತರ ನಂತರ ಹವ್ಯಾಸವಿಲ್ಲದ ಗಂಡಸು ಮನೆಯಲ್ಲಿ ಒಂದು ಹೆಚ್ಚುವರಿ ಕುರ್ಚಿ ಇದ್ದ ಹಾಗೆ ಎಂದು ಯಾರೋ ಮನಶ್ಶಾಸ್ತ್ರಜ್ಞರು ಬರೆದಿದ್ದರು. ನಾನು ಅದನ್ನು ಹೆಂಡತಿಗೆ ಗಟ್ಟಿಯಾಗಿ ಓದಿ ಹೇಳಿದೆ.

"ಕುರ್ಚಿಯಾದ್ರೆ ಕೂತ್ಕೊಳ್ಳೋಕಾದ್ರೂ ಆಗುತ್ತೆ," ಎಂದಳು ಅವಳು, ಕೈಚೀಲ ಹೆಗಲಿಗೇರಿಸುತ್ತಾ.

ನನ್ನ ಹೆಂಡತಿ ಕಟ್ಟುಹಲ್ಲಿನ ಸೆಟ್ಟು ತಯಾರಿಸುವ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷದಿಂದ ಕೆಲಸ ಮಾಡುತ್ತಿದ್ದಾಳೆ. ಊರಿನ ಹಿರಿಯರಲ್ಲಿ ಅರ್ಧ ಜನ ನಗುವುದು ಅವಳು ಜೋಡಿಸಿದ ಹಲ್ಲಿನಿಂದ. ಉಜ್ಜುವುದು, ನಯ ಮಾಡುವುದು, ಹೊಳಪು ಕೊಡುವುದು ಅವಳ ದಿನನಿತ್ಯದ ಕಸುಬು. ಈ ಕೊನೆಯ ವಾಕ್ಯವನ್ನು ನೀವು ಗಮನಿಸಿದ್ದೀರಿ. ಅವಳ ಜೊತೆ ಅಷ್ಟೇ ವರ್ಷ ಸಂಸಾರ ಮಾಡಿದ ನಾನು ಗಮನಿಸಿರಲಿಲ್ಲ.

ಒಂದು ವಾರದಲ್ಲಿ ಯಂತ್ರ ಬಂತು. ರಬ್ಬರಿನ ಒಂದು ಡ್ರಮ್ಮು, ಅದರ ಕೆಳಗೆ ಎರಡು ಉರುಳೆ, ಪಕ್ಕದಲ್ಲೊಂದು ಮೋಟಾರು. ಡ್ರಮ್ಮಿಗೆ ಕಲ್ಲು, ನೀರು, ಒರಟು ಪುಡಿ ಹಾಕಿ, ಮುಚ್ಚಳ ಬಿಗಿದು, ಏಳು ದಿನ ಹಗಲೂ ಇರುಳೂ ತಿರುಗಿಸಬೇಕು. ಆಮೇಲೆ ತೊಳೆದು ಸಣ್ಣ ಪುಡಿಯಲ್ಲಿ ಏಳು ದಿನ, ಇನ್ನೂ ಸಣ್ಣ ಪುಡಿಯಲ್ಲಿ ಏಳು ದಿನ, ಕೊನೆಗೆ ಹೊಳಪಿನ ಪುಡಿಯಲ್ಲಿ ಏಳು ದಿನ. ನದಿ ಸಾವಿರ ವರ್ಷದಲ್ಲಿ ಮಾಡುವ ಕೆಲಸವನ್ನು ನಾನು ನಾಲ್ಕು ವಾರದಲ್ಲಿ ಮುಗಿಸುವವನಿದ್ದೆ. ಸುಮ್ಮನೆ ಮಾತಲ್ಲ!

ಯಂತ್ರದ ಜೊತೆಗೆ ಒಂದು ಚೀಲ ಕಲ್ಲು. ಎಲ್ಲವೂ ಫೆಲ್ಡ್‌ಸ್ಪಾರ್ ಎಂಬ ಮೆತ್ತನೆ ಜಾತಿಯವು: ಒಳಗೆ ಬೆಳದಿಂಗಳು ಓಡಾಡುವ ಚಂದ್ರಕಾಂತ ಶಿಲೆ, ಕಿಡಿ ಕಿಡಿಯಾಗಿ ಮಿನುಗುವ ಸೂರ್ಯಕಾಂತ ಶಿಲೆ, ಓರೆಯಾಗಿ ಹಿಡಿದರೆ ನವಿಲಿನ ಕತ್ತಿನ ಬಣ್ಣ ತೋರಿಸುವ ಇನ್ನೊಂದು. ಸದ್ಯಕ್ಕೆ ಎಲ್ಲವೂ ರಸ್ತೆಗೆ ಹಾಕುವ ಜಲ್ಲಿಯ ಹಾಗೆಯೇ ಕಾಣುತ್ತಿದ್ದವು ಎನ್ನುವುದು ಬೇರೆ ಮಾತು.

ಹೆಂಡತಿ ಒಂದು ಕಲ್ಲನ್ನು ಬೆಳಕಿಗೆ ಹಿಡಿದು, ಉಗುರಿನಿಂದ ಅಂಚನ್ನು ಕೆರೆದು ನೋಡಿದಳು.

"ಇದು ಪದರ ಪದರವಾಗಿ ಸೀಳೋ ಕಲ್ಲು ಕಣ್ರೀ. ಮಧ್ಯೆ ಏನಾದ್ರೂ ಮೆತ್ತೆ ಹಾಕದೆ ತಿರುಗಿಸಿದ್ರೆ ಒಂದಕ್ಕೊಂದು ಬಡಿದು ಒಡೆಯುತ್ತೆ."

"ನೀನು ಹಲ್ಲಿನವಳು. ಇದು ರತ್ನದ ವಿಷಯ. ಹಲ್ಲೇ ಬೇರೆ, ರತ್ನವೇ ಬೇರೆ!" ಎಂದೆ, ಕಲ್ಲನ್ನು ಅವಳ ಕೈಯಿಂದ ಮೃದುವಾಗಿ ಬಿಡಿಸಿಕೊಳ್ಳುತ್ತಾ.

"ಸರಿ," ಎಂದಳು. ಅವಳು 'ಸರಿ' ಎಂದಾಗಲೆಲ್ಲ ನನಗೆ ಏನಾದರೊಂದು ಕಾದಿರುತ್ತದೆ. ಆದರೆ ಅಂದು ನಾನು ರತ್ನಶಿಲ್ಪಿಯ ಮತ್ತಿನಲ್ಲಿದ್ದೆ.

ಡ್ರಮ್ಮು ತಿರುಗತೊಡಗಿತು. ಗರಗರ ಗರಗರ! ಹಾಲಿನಲ್ಲಿಟ್ಟರೆ ಟೀವಿ ಕೇಳಿಸುತ್ತಿರಲಿಲ್ಲ. ಮಲಗುವ ಕೋಣೆಯಲ್ಲಿಡುವ ಮಾತೆತ್ತಿದ್ದಕ್ಕೆ ಹೆಂಡತಿ ನನ್ನ ದಿಂಬನ್ನು ತಂದು ಯಂತ್ರದ ಪಕ್ಕದಲ್ಲಿಟ್ಟಳು. ಕೊನೆಗೆ ಬಟ್ಟೆ ಒಗೆಯುವ ಜಾಗದಲ್ಲಿ ಅದಕ್ಕೆ ಶಾಶ್ವತ ನೆಲೆ ಸಿಕ್ಕಿತು. "ಅಪ್ಪಾ, ಯಾರೋ ಹಲ್ಲಿಲ್ಲದ ಮುದುಕ ಒಳಗೆ ಕೂತು ಬೆಲ್ಲ ಅಗೀತಾ ಇರೋ ಹಾಗಿದೆ," ಎಂದಳು ಕಾಲೇಜಿಗೆ ಹೋಗುವ ಮಗಳು.

ಏಳು ದಿನ ಕಳೆದು ಮುಚ್ಚಳ ತೆಗೆದೆ. ಒಳಗೆ ಬೂದು ಬಣ್ಣದ ಗಂಜಿ! ಗಂಜಿಯನ್ನು ಅಡುಗೆಮನೆಯ ಸಿಂಕಿಗೆ ಸುರಿದು, ಮೇಲೆ ಎರಡು ಬಿಂದಿಗೆ ನೀರು ಬಿಟ್ಟೆ. ಎರಡನೆಯ ಬಿಂದಿಗೆಯ ನೀರು ಕೆಳಗೆ ಹೋಗಲಿಲ್ಲ. ಸಂಜೆಯ ಹೊತ್ತಿಗೆ ಮೊದಲನೆಯ ಬಿಂದಿಗೆಯ ನೀರೂ ವಾಪಸ್ಸು ಬಂತು.

ನಲ್ಲಿ ರಿಪೇರಿಯವನು ಬಂದ. ಸಿಂಕಿನ ಕೆಳಗೆ ಅಂಗಾತ ಮಲಗಿ, ಪೈಪಿನ ಒಂದು ತುಂಡನ್ನು ಕತ್ತರಿಸಿ ತೆಗೆದು, ಅದನ್ನು ನೆಲಕ್ಕೆ ಕುಟ್ಟಿದ. ಟಣ್ ಎಂದಿತು.

"ಸಾರ್, ಪೈಪಿಗೆ ಸಿಮೆಂಟ್ ತುಂಬಿಸಿದ್ದು ಯಾರು?"

"ಅದು ಸಿಮೆಂಟಲ್ಲಪ್ಪ. ರತ್ನದ ಧೂಳು," ಎಂದೆ ಗಾಂಭೀರ್ಯದಿಂದ.

ಅವನು ನನ್ನನ್ನು ಬಿಟ್ಟು ನನ್ನ ಹೆಂಡತಿಯ ಕಡೆ ನೋಡಿದ. "ಅಮ್ಮಾ, ಇವರು ಮನೇಲೇ ಇರ್ತಾರಾ?" ಎಂದು ಕೇಳಿದ. ಆ ಪ್ರಶ್ನೆಯಲ್ಲಿ ನನ್ನ ಬಗ್ಗೆ ಕುತೂಹಲಕ್ಕಿಂತ ಅವಳ ಬಗ್ಗೆ ಮರುಕವೇ ಹೆಚ್ಚಾಗಿತ್ತು.

"ಪುಡಿಯ ನೀರು ಸಿಂಕಿಗೆ ಬಿಟ್ರೆ ಗಟ್ಟಿಯಾಗುತ್ತೆ ಅಂತ ನಮ್ಮ ಲ್ಯಾಬಲ್ಲಿ ಸೇರಿದ ಮೊದಲನೇ ದಿನವೇ ಹೇಳಿಕೊಡ್ತಾರೆ. ಬಕೀಟಲ್ಲಿ ತಳ ಕೂರಿಸಿ ಹೊರಗೆ ಚೆಲ್ತೀವಿ," ಎಂದಳು ಹೆಂಡತಿ.

"ಮತ್ತೆ ನನಗ್ಯಾಕೆ ಹೇಳಲಿಲ್ಲ?"

"ಹಲ್ಲೇ ಬೇರೆ, ರತ್ನವೇ ಬೇರೆ ಅಂದ್ರಲ್ಲ!"

ಇನ್ನು ಕಲ್ಲುಗಳ ಪಾಡು. ಅರ್ಧಕ್ಕರ್ಧ ಸೀಳಿ ಚಕ್ಕೆಗಳಾಗಿದ್ದವು. ನಲವತ್ತು ಹಾಕಿದ್ದೆ, ಎಪ್ಪತ್ತು ಸಿಕ್ಕವು! ಸೋಲೊಪ್ಪಿಕೊಳ್ಳುವುದು ನನ್ನ ಜಾಯಮಾನವಲ್ಲ. ಯಂತ್ರದ ಜೊತೆ ಬಂದ ಪುಸ್ತಿಕೆಯನ್ನು ಮೊದಲ ಬಾರಿಗೆ ತೆರೆದು ಓದಿದೆ. ಮೆತ್ತನೆ ಕಲ್ಲುಗಳ ನಡುವೆ ಸಣ್ಣ ಪಿಂಗಾಣಿ ತುಣುಕುಗಳನ್ನು ತುಂಬಿಸಬೇಕು, ಆಗ ಪೆಟ್ಟು ತಗಲುವುದಿಲ್ಲ ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. ಹೆಂಡತಿ ಹೇಳಿದ್ದನ್ನೇ ಅವರು ಅಚ್ಚು ಹಾಕಿಸಿದ್ದರು.

ಇಲ್ಲಿ ನಮ್ಮ ದೊಡ್ಡ ಸಾಹೇಬರನ್ನು ಪರಿಚಯಿಸಬೇಕು. ಸಾಹೇಬರ ಬೈಗುಳ ಎಂದರೆ ನಮ್ಮ ಕಚೇರಿಯಲ್ಲಿ ಒಂದು ಪ್ರಕೃತಿ ವಿಕೋಪ. ಅವರು ಬಾಯಿ ತೆರೆದರೆ ಗಾಜಿನ ಬಾಗಿಲು ಅದುರುತ್ತಿತ್ತು. ಅಂಥವರ ಹಲ್ಲುಗಳೆಲ್ಲ ಹಾಳಾಗಿ, ಡಾಕ್ಟರು ಒಂದೂ ಬಿಡದೆ ಕಿತ್ತು, ಒಸಡು ಮಾಯಲೆಂದು ಕೆಲವು ವಾರ ಬಿಟ್ಟಿದ್ದರು. ಬೊಚ್ಚುಬಾಯಿ ತೋರಿಸಲು ನಾಚಿ ಸಾಹೇಬರು ಮೂಗಿನಿಂದ ಗಲ್ಲದವರೆಗೆ ಕರವಸ್ತ್ರ ಹಿಡಿದು ತಮ್ಮ ಕೋಣೆಯಲ್ಲೇ ಕುಳಿತಿರುತ್ತಿದ್ದರು. ಯಾರೊಡನೆಯೂ ಮಾತಿಲ್ಲ, ಬರೀ ಸಹಿ. ಕಚೇರಿಯಲ್ಲಿ ಸುವರ್ಣಯುಗ ನಡೆಯುತ್ತಿತ್ತು.

ನನಗೆ ಮಾತ್ರ ಅವರು ಬೇಗ ಮಾತಾಡಬೇಕಾಗಿತ್ತು. ನಮ್ಮ ವಿಭಾಗದ ಮುಖ್ಯಸ್ಥರ ಹುದ್ದೆ ಖಾಲಿಯಾಗಿತ್ತು. ಅದು ಯಾರಿಗೆ ಎಂದು ಸಾಹೇಬರು ವಾರ್ಷಿಕ ಸಭೆಯಲ್ಲಿ, ಮೇಲಧಿಕಾರಿಗಳ ಎದುರಿಗೆ, ಸ್ವತಃ ಘೋಷಿಸಬೇಕು. ಹಲ್ಲಿಲ್ಲವೆಂದು ಸಭೆ ಎರಡು ಸಲ ಮುಂದೆ ಹೋಗಿತ್ತು. ಹಿರಿತನದಲ್ಲಿ ಸರದಿ ನನ್ನದು. ಮೇಲಾಗಿ ಈಚೆಗೆ ವರಾಂಡದಲ್ಲಿ ಎದುರಾದಾಗಲೆಲ್ಲ ಸಾಹೇಬರು ಕರವಸ್ತ್ರದ ಮೇಲಿಂದ ನನ್ನನ್ನೇ ನೆಟ್ಟ ದೃಷ್ಟಿಯಲ್ಲಿ ನೋಡುತ್ತಿದ್ದರು. ಎಂಥ ಅಭಿಮಾನದ ನೋಟ ಎಂದುಕೊಳ್ಳುತ್ತಿದ್ದೆ. ಅವರ ಸೆಟ್ಟು ಮಾಡುವ ಕೆಲಸವನ್ನು ಹೆಂಡತಿಯ ಲ್ಯಾಬಿಗೆ ಕೊಡಿಸಿದವನೂ ನಾನೇ. ಒಟ್ಟಿನಲ್ಲಿ ನನ್ನ ಬಡ್ತಿ ಸಾಹೇಬರ ಬಾಯಲ್ಲಿತ್ತು, ಸಾಹೇಬರ ಬಾಯಿ ನನ್ನ ಹೆಂಡತಿಯ ಕೈಯಲ್ಲಿತ್ತು!

ಪಿಂಗಾಣಿ ತುಣುಕಿಗೆ ಏನು ಮಾಡುವುದೆಂದು ಹೆಂಡತಿಗೇ ಫೋನ್ ಮಾಡಿದೆ. ಮಂಗಳವಾರ. ಅವಳು ಲ್ಯಾಬಿನಲ್ಲಿದ್ದಳು.

"ನನ್ನ ಕಪಾಟಿನ ಕೆಳಗಿನ ಖಾನೇಲಿ ಒಂದು ಹಳೇ ಬಿಸ್ಕತ್ತಿನ ಡಬ್ಬಿ ಇದೆ. ಸೆಟ್ಟು ಮಾಡಿ ಉಳಿದ ಪಿಂಗಾಣಿ ಹಲ್ಲು. ಅದನ್ನೇ ಹಾಕಿ. ಆ ಹಲ್ಲು ಮಾಡೋದೂ ನಿಮ್ಮ ಫೆಲ್ಡ್‌ಸ್ಪಾರ್ ಕಲ್ಲಿಂದಲೇ. ಎರಡೂ ಒಂದೇ ಜಾತಿ, ಕಚ್ಚಾಡಲ್ಲ."

"ಏನು! ಹಲ್ಲೂ ರತ್ನವೂ ದಾಯಾದಿಗಳಾ?"

"ಹೌದು. ಮೇಲಿನ ಖಾನೆ ಮಾತ್ರ ಮುಟ್ಟಬೇಡಿ."

ಕೆಳಗಿನ ಖಾನೆಯ ಡಬ್ಬಿ ತೆರೆದೆ. ಹಳದಿ, ಕಂದು, ಮಾಸಲು ಬಿಳಿ. ನೂರಾರು ಹಲ್ಲು, ಒಂದರಂತೆ ಇನ್ನೊಂದಿಲ್ಲ. ನನ್ನ ಮನಸ್ಸು ಮುದುಡಿತು. ಚಂದ್ರಕಾಂತ ಶಿಲೆಯ ಪಕ್ಕದಲ್ಲಿ ಇಂಥ ಹಳದಿ ಹಲ್ಲೇ? ಏಳು ದಿನ ಒಂದೇ ಡ್ರಮ್ಮಿನಲ್ಲಿ? ಕಣ್ಣು ತಾನಾಗಿ ಮೇಲೆ ಹೋಯಿತು. ಮೇಲಿನ ಖಾನೆಯಲ್ಲಿ ಒಂದು ಪುಟ್ಟ ಚೊಕ್ಕ ಡಬ್ಬಿ. ಒಳಗೆ ಮೇಣದ ಪಟ್ಟಿಯ ಮೇಲೆ ಸಾಲಾಗಿ ಕೂತ ಹಲ್ಲುಗಳು, ಬಿಳಿ ಎಂದರೆ ಬಿಳಿ, ಮಲ್ಲಿಗೆ ಮೊಗ್ಗು! ಮುಚ್ಚಳದ ಮೇಲೆ ಹೆಸರಿಲ್ಲ, ಬರೀ ಒಂದು ನಂಬರು. ಮುಟ್ಟಬೇಡಿ ಎಂದಿದ್ದಳು, ನಿಜ. ಆದರೆ ಮದುವೆಯಾದಂದಿನಿಂದ ಅವಳು ಮುಟ್ಟಬೇಡಿ ಎಂದ ವಸ್ತುಗಳನ್ನೆಲ್ಲ ಬಿಟ್ಟಿದ್ದರೆ ನಾನು ಈ ಮನೆಯಲ್ಲಿ ಗೋಡೆಯನ್ನಲ್ಲದೆ ಬೇರೇನನ್ನೂ ಮುಟ್ಟುತ್ತಿರಲಿಲ್ಲ. ಮೇಣದಿಂದ ಹಲ್ಲುಗಳನ್ನು ಬಿಡಿಸಿ ಡ್ರಮ್ಮಿಗೆ ಸುರಿದೆ. ಒರಟು ಪುಡಿ, ನೀರು, ಮುಚ್ಚಳ, ಸ್ವಿಚ್ಚು. ಈ ಸಲ ಸದ್ದು ಎಷ್ಟು ಹಿತವಾಗಿತ್ತೆಂದರೆ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಭಾನುವಾರ ಬೆಳಿಗ್ಗೆ ಹೆಂಡತಿ ಊಟದ ಮೇಜಿನ ಮೇಲೆ ಮೇಣ, ಸಣ್ಣ ಚಾಕು, ಸಾಹೇಬರ ಒಸಡಿನ ಪ್ಲಾಸ್ಟರ್ ಅಚ್ಚು ಎಲ್ಲ ಹರಡಿಕೊಂಡು ಕುಳಿತಳು. ಪಕ್ಕದಲ್ಲಿ ಸಾಹೇಬರ ಮದುವೆಯ ಫೋಟೋ. ಆ ಫೋಟೋದ ನಗು ನೋಡಿಯೇ ಅವಳು ಹದಿನೈದು ದಿನ ಹುಡುಕಿ ಅಳತೆಗೆ, ಬಣ್ಣಕ್ಕೆ ಹೊಂದುವ ಹಲ್ಲು ತರಿಸಿದ್ದಳಂತೆ. ಗುರುವಾರ ಸಭೆ. ಬುಧವಾರ ಸೆಟ್ಟು ಕೊಡಬೇಕು. ಅವಳು ಎದ್ದು ಹೋಗಿ ಕಪಾಟು ತೆರೆದಳು.

"ರೀ, ಮೇಲಿನ ಖಾನೇಲಿದ್ದ ಡಬ್ಬಿ ಎಲ್ಲಿ?"

ಬಟ್ಟೆ ಒಗೆಯುವ ಜಾಗದಿಂದ ಡ್ರಮ್ಮು ಗರಗರ ಎಂದಿತು. ನನಗಿಂತ ಮೊದಲು ಅದೇ ಉತ್ತರ ಕೊಟ್ಟಿತು.

"ಅದು... ಯಾರದ್ದು?" ಎಂದೆ.

"ನಿಮ್ಮ ಸಾಹೇಬರದ್ದು."

ಐದು ದಿನ! ಸಾಹೇಬರ ಹಲ್ಲುಗಳು ಐದು ದಿನದಿಂದ ಒರಟು ಪುಡಿಯಲ್ಲಿ, ನಿಮಿಷಕ್ಕೆ ನಲವತ್ತು ಸುತ್ತಿನಂತೆ, ಲಾಗ ಹಾಕುತ್ತಿದ್ದವು!

ಓಡಿಹೋಗಿ ಸ್ವಿಚ್ಚು ಆರಿಸಿದೆ. ಮೂರು ಜನವೂ ಬಕೀಟಿನ ಸುತ್ತ ಕುಕ್ಕರಗಾಲಿನಲ್ಲಿ ಕುಳಿತು ಬೂದುಗಂಜಿಯನ್ನು ಜರಡಿ ಹಿಡಿದೆವು. ಚಕ್ಕೆ, ಚಕ್ಕೆ, ಒಂದು ಹಲ್ಲು, ಚಕ್ಕೆ, ಎರಡು ಹಲ್ಲು. ಇಪ್ಪತ್ತೆಂಟಕ್ಕೆ ಇಪ್ಪತ್ತೆಂಟೂ ಸಿಕ್ಕವು. ಆದರೆ ಕೋರೆಹಲ್ಲು ಯಾವುದು, ದವಡೆಹಲ್ಲು ಯಾವುದು, ದೇವರಿಗೇ ಗೊತ್ತು! ಎಲ್ಲವೂ ಉರುಟಾಗಿ, ನುಣ್ಣಗೆ, ಬಟಾಣಿ ಕಾಳಿನ ಹಾಗಾಗಿದ್ದವು. ಒಂದೇ ಒಂದಕ್ಕೂ ಸೀಳು ಬಿಟ್ಟಿರಲಿಲ್ಲ. ಪುಸ್ತಿಕೆಯಲ್ಲಿ ಹೇಳಿದ ಹಾಗೆ ಕೆಲಸ ಸರಿಯಾಗಿ ಆದದ್ದು ಅದೇ ಮೊದಲು, ಅದೂ ಸಾಹೇಬರ ಹಲ್ಲಿನ ಮೇಲೆ.

"ಅಪ್ಪಾ, ಇವನ್ನ ಪೋಣಿಸಿದ್ರೆ ಸರ ಆಗುತ್ತೆ," ಎಂದಳು ಮಗಳು.

ಹೆಂಡತಿ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ನೆಮ್ಮದಿಯಾಗಿರುತ್ತಿತ್ತು. ಅಂಗೈಯಲ್ಲಿ ನಾಲ್ಕು ಕಾಳು ಹಿಡಿದು ನೋಡುತ್ತಾ ಕುಳಿತಳು.

"ಇದೇ ಬಣ್ಣ, ಇದೇ ಅಳತೆ ಮತ್ತೆ ಬರೋಕೆ ಹತ್ತು ದಿನ ಬೇಕು. ಬುಧವಾರ ಕೊಡ್ತೀನಿ ಅಂತ ಮಾತು ಕೊಟ್ಟಿದೀನಿ. ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನ ತಪ್ಪಿಲ್ಲ ನಾನು," ಎಂದಳು. ಅವಳ ದನಿ ಸಣ್ಣಗಾಗಿತ್ತು. ಬಡ್ತಿಯ ಚಿಂತೆಯಲ್ಲಿದ್ದ ನನಗೆ ಆಗ ನಾಚಿಕೆಯಾಯಿತು. ನಿಜವಾಗಿ ಆಯಿತು.

"ನಾನು ಏನು ಮಾಡಲಿ, ಹೇಳು."

"ಆ ಬಿಸ್ಕತ್ತಿನ ಡಬ್ಬಿ ತನ್ನಿ. ಆಮೇಲೆ ಯಾವುದನ್ನೂ ಮುಟ್ಟಬೇಡಿ."

ಈ ಸಲ ಮುಟ್ಟಲಿಲ್ಲ. ನಾನು ಹಳದಿ ಎಂದು ಹಳಿದಿದ್ದ ಆ ನೂರಾರು ಹಲ್ಲುಗಳನ್ನು ಅವಳು ಹಾಳೆಯ ಮೇಲೆ ಹರಡಿ, ಫೋಟೋ ನೋಡುತ್ತಾ, ಒಂದೊಂದನ್ನೇ ಆರಿಸಿದಳು. ಇದು ಉದ್ದ, ಇದು ಅಗಲ, ಇದರ ಬಣ್ಣ ಅದಕ್ಕೆ ಹೊಂದುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತೆಂಟು ಹಲ್ಲು ಮೇಣದಲ್ಲಿ ಸಾಲಾಗಿ ನಿಂತವು. ಸೋಮವಾರ ಡಾಕ್ಟರ ಬಳಿ ಸಾಹೇಬರ ಬಾಯಿಗೆ ಮೇಣದ ಸೆಟ್ಟನ್ನು ಇಟ್ಟು ನೋಡಿಯೂ ಆಯಿತು. ಸರಿಯಾಗಿ ಕೂತಿತಂತೆ.

ಮಂಗಳವಾರ ನಾನು ರಜೆ ಹಾಕಿ ಅವಳ ಲ್ಯಾಬಿಗೆ ಹೋದೆ. ಬಕೀಟು ಎತ್ತಲು, ಪ್ಲಾಸ್ಟರ್ ತೊಳೆಯಲು. ಅವಳು ಕೆಲಸ ಮಾಡುವುದನ್ನು ನಾನು ನೋಡಿದ್ದು ಅದೇ ಮೊದಲು. ಕನ್ನಡಕ ಮೂಗಿನ ತುದಿಗೆ ಬಂದಿದೆ, ಎರಡು ಕೈಯಲ್ಲೂ ಸೆಟ್ಟು, ಎದುರಿಗೆ ಬಟ್ಟೆಯ ಚಕ್ರ ಗಿರ್ರನೆ ಸುತ್ತುತ್ತಿದೆ. ಒದ್ದೆ ಪುಡಿ ಹಚ್ಚುತ್ತಾಳೆ, ಒತ್ತುತ್ತಾಳೆ, ತೊಳೆಯುತ್ತಾಳೆ, ಬೆಳಕಿಗೆ ಹಿಡಿಯುತ್ತಾಳೆ. ಒಂದು ಪುಡಿಯ ಕಣ ಇನ್ನೊಂದು ಚಕ್ರಕ್ಕೆ ಅಂಟಬಾರದೆಂದು ಪ್ರತಿ ಸಲವೂ ಕೈ ತೊಳೆಯುತ್ತಾಳೆ. ಪುಸ್ತಿಕೆಯ ಇಪ್ಪತ್ತು ಪುಟ ಅವಳ ಬೆರಳಿನಲ್ಲೇ ಇತ್ತು.

ಕೆಲಸ ಮುಗಿದ ಮೇಲೆ ಕೈಚೀಲದಿಂದ ಏನನ್ನೋ ತೆಗೆದಳು. ನನ್ನ ಡ್ರಮ್ಮಿನಿಂದ ಜೀವ ಉಳಿಸಿಕೊಂಡು ಬಂದಿದ್ದ ಒಂದು ಚಂದ್ರಕಾಂತ ಶಿಲೆ. ಅದನ್ನು ಒಂದು ಚಕ್ರಕ್ಕೆ ಹಿಡಿದಳು, ಎರಡನೆಯದಕ್ಕೆ ಹಿಡಿದಳು, ಕೊನೆಗೆ ಮೆತ್ತನೆಯ ಇನ್ನೊಂದಕ್ಕೆ. ಅರ್ಧ ಗಂಟೆ. ಒರೆಸಿ ನನ್ನ ಅಂಗೈಯಲ್ಲಿಟ್ಟಳು. ಕೈ ಅಲುಗಿಸಿದರೆ ಒಳಗೊಂದು ನೀಲಿ ಬೆಳಕು ಈ ಕಡೆಯಿಂದ ಆ ಕಡೆಗೆ ಸುಮ್ಮನೆ ಜಾರಿತು. ನಾನು ಮತ್ತೆ ಮತ್ತೆ ಕೈ ಅಲುಗಿಸಿ ನೋಡಿದೆ.

"ಇಷ್ಟು ಬೇಗ ಆಗುತ್ತೆ ಅಂತ ಮೊದಲೇ ಹೇಳಬಾರದಿತ್ತಾ?" ಎಂದೆ ಕೊನೆಗೆ.

"ಕೇಳಬೇಕಿತ್ತು," ಎಂದಳು.

ಬುಧವಾರ ಸಾಹೇಬರಿಗೆ ಹಲ್ಲು ಬಂತು. ಕನ್ನಡಿ ನೋಡಿ ಕುಣಿದಾಡಿಬಿಟ್ಟರಂತೆ. ಕಟ್ಟಿಸಿಕೊಂಡ ಹಲ್ಲು ಎಂದು ಯಾರೂ ಹೇಳಲಾರರು, ಹುಟ್ಟಿನಿಂದ ಬಂದ ಹಾಗಿದೆ ಎಂದು ಡಾಕ್ಟರೂ ಹೊಗಳಿದರಂತೆ. ಗುರುವಾರ ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೃತಜ್ಞತೆಯ ಎರಡು ಮಾತು ಬಾಯಿಪಾಠ ಮಾಡಿಕೊಂಡು ಕಚೇರಿಗೆ ಹೋದೆ. ಹತ್ತೂಕಾಲಿಗೆ ಸಾಹೇಬರಿಂದ ಕರೆ ಬಂತು. ಸಭೆಗೆ ಮುಂಚೆಯೇ! ಗುಟ್ಟಾಗಿ ಅಭಿನಂದಿಸಲು ಕರೆದಿದ್ದಾರೆ ಎಂದು ಸಹೋದ್ಯೋಗಿಗಳ ಕಡೆ ಕಣ್ಣು ಮಿಟುಕಿಸಿ ಒಳಗೆ ಹೋದೆ.

ಸಾಹೇಬರು ನಕ್ಕರು. ಎಂಥ ನಗು! ಮದುವೆಯ ಫೋಟೋದ್ದೇ.

"ಬನ್ರೀ, ಬನ್ನಿ. ಬಾಗಿಲು ಹಾಕಿ. ಮೂರು ವಾರದಿಂದ ಕಾಯ್ತಾ ಇದೀನಿ ನಿಮ್ಮ ಹತ್ರ ಮಾತಾಡೋಕೆ."

"ನಿಮ್ಮ ಅಭಿಮಾನ ದೊಡ್ಡದು ಸಾರ್..."

"ರೆಕಾರ್ಡ್ ರೂಮಲ್ಲಿ ಕಡತ ಕೇಳಿದ್ರೆ ಕಡತದ ಚೀಲದಲ್ಲಿ ಕಲ್ಲು ಬರುತ್ತಲ್ರೀ, ಯಾಕೆ? ಒಳಬರುವ ಪತ್ರಗಳ ರಿಜಿಸ್ಟರಿನಲ್ಲಿ 'ಒರಟು ಪುಡಿ, ಮೂರನೇ ದಿನ' ಅಂತ ಬರೆದಿದೆಯಲ್ಲ, ಆ ಪತ್ರ ಎಲ್ಲಿಂದ ಬಂತು?"

ಈ ವಿಷಯಗಳನ್ನು ನಿಮಗೆ ಹೇಳಲು ಮರೆತಿದ್ದೆ. ರತ್ನಶಿಲ್ಪಿಯ ಬದುಕಿನಲ್ಲಿ ಇವೆಲ್ಲ ಸಣ್ಣ ವಿವರ. ಆದರೆ ಸಾಹೇಬರಿಗೆ ಹಾಗೆನಿಸಿರಲಿಲ್ಲ. ವರಾಂಡದ ಆ ನೋಟದ ಅರ್ಥ ನನಗೆ ಈಗ ಆಗತೊಡಗಿತು. ಅವರು ಒಂದು ಕಾಗದವನ್ನೆತ್ತಿ ಗಟ್ಟಿಯಾಗಿ ಓದಿದರು.

"ನೀರು ಬರದೆ ಇದ್ರೂ ಮೀಟರ್ ತಿರುಗ್ತಾ ಇದೆ ಅಂತ ಒಬ್ಬ ಹೆಂಗಸು ದೂರು ಕೊಟ್ಟಿದ್ರು. ನೀವು ಕೊಟ್ಟ ಉತ್ತರ ಕೇಳಿ: 'ಏಳು ದಿನ ತಿರುಗಲು ಬಿಡಿ. ಯಾವ ಕಾರಣಕ್ಕೂ ಮುಚ್ಚಳ ತೆರೆಯಬೇಡಿ!' ಕಚೇರಿಯ ಮೊಹರು ಬೇರೆ!"

ಆಮೇಲೆ ಶುರುವಾಯಿತು ನೋಡಿ! ಇಷ್ಟು ವಾರ ಒಳಗೇ ಕೂಡಿಟ್ಟದ್ದು ಒಂದೇ ಸಲ ಕಟ್ಟೆಯೊಡೆಯಿತು. ಕಿಟಕಿಯ ಗಾಜು ಅದುರಿತು. ಪೆನ್ನಿನ ಡಬ್ಬಿ ಮೇಜಿನ ಮೇಲೆ ತಾನಾಗಿ ಜರುಗಿತು. ನನ್ನ ಹೆಂಡತಿ ಜೋಡಿಸಿದ ಒಂದೊಂದು ಹಲ್ಲೂ ನನ್ನ ಮೇಲೆ ಕೆಲಸ ಮಾಡಿತು. ಹನ್ನೊಂದಕ್ಕೆ ಸಭೆ. ಹುದ್ದೆ ಹೋದದ್ದು ಟೈಪಿಸ್ಟ್ ಹುಡುಗಿಗೆ. ಅವಳು ಕೆಲಸಕ್ಕೆ ಸೇರಿ ಮೂರೇ ವರ್ಷ. ಅವಳಿಗೆ ಯಾವ ಹವ್ಯಾಸವೂ ಇಲ್ಲವಂತೆ!

ಸಂಜೆ ಮನೆಗೆ ಬಂದು ಚಪ್ಪಲಿ ಬಿಡದೆ ಕುರ್ಚಿಯಲ್ಲಿ ಕುಸಿದೆ. ಹೆಂಡತಿ ನೀರು ತಂದುಕೊಟ್ಟು ಎದುರಿಗೆ ಕುಳಿತಳು.

"ಸಿಗಲಿಲ್ವಾ?"

"ಇಲ್ಲ."

"ಬೈದ್ರಾ?"

"ಬೈದ್ರಾ ಅಂತ ಕೇಳ್ತೀಯಾ? ಮುಕ್ಕಾಲು ಗಂಟೆ! ಉಸಿರು ಬಿಡದೆ!"

ಅವಳು ಥಟ್ಟನೆ ಮುಂದಕ್ಕೆ ಬಾಗಿದಳು. "ಮುಕ್ಕಾಲು ಗಂಟೆಯಾ? ಮಧ್ಯೆ ಎಲ್ಲಾದ್ರೂ ಸೆಟ್ಟು ಜಾರಿತಾ?"

"ಇಲ್ಲ."

"ಶೀಟಿ ಹೊಡೆದ ಹಾಗೆ ಗಾಳಿ ಬಂತಾ? ಕೈಯಿಂದ ಒತ್ತಿ ಹಿಡ್ಕೊಂಡ್ರಾ?"

"ಒಂದು ಸಲಾನೂ ಇಲ್ಲ. ಪ್ರತಿಯೊಂದು ಮಾತೂ ಮೂರನೇ ಮಹಡಿವರೆಗೆ ಸ್ಪಷ್ಟವಾಗಿ ಕೇಳಿಸ್ತಂತೆ."

ಅವಳ ಮುಖ ಅರಳಿತು. ಬಡ್ತಿ ಸಿಕ್ಕಿದ್ದರೂ ಅಷ್ಟು ಅರಳುತ್ತಿತ್ತೋ ಇಲ್ಲವೋ. ಕೈಚೀಲದಿಂದ ಲ್ಯಾಬಿನ ಪುಸ್ತಕ ತೆಗೆದು, ಸಾಹೇಬರ ನಂಬರಿನ ಎದುರಿಗೆ ಒಂದೊಂದೇ ಪದ ಹೇಳಿಕೊಳ್ಳುತ್ತಾ ಬರೆದಳು: "ಮುಕ್ಕಾಲು ಗಂಟೆ ಜೋರು ಮಾತು. ಎಲ್ಲೂ ಅಲುಗಿಲ್ಲ."

ಆಮೇಲೆ ಪುಸ್ತಕ ಮುಚ್ಚಿ, ಮದುವೆಯಾದಂದಿನಿಂದ ನಾನು ಕಾಣದಿದ್ದ ಅಕ್ಕರೆಯಿಂದ ನನ್ನ ಬೆನ್ನು ಸವರಿದಳು.

"ಪುಣ್ಯಕ್ಕೆ ನೀವು ಸಿಕ್ಕಿದ್ರಿ ಕಣ್ರೀ. ಬೇರೆ ಯಾರಿಗೆ ತಾನೇ ಇಷ್ಟೊತ್ತು ಬೈದು ಸೆಟ್ಟು ಪರೀಕ್ಷೆ ಮಾಡ್ತಿದ್ರು!"